ತೂಕದ ದಿನ

ತಳ ಹಿಡಿದ ಹಾಲಿನ ವಾಸನೆ ಬಂದರೆ ಸಾಕು, ಗೊಂಬೆ ಮೇಷ್ಟ್ರು ನಾಲ್ಕು ವರ್ಷದ ಮಗುವಾಗಿಬಿಡುತ್ತಿದ್ದರು. ಅವರು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಶಿಶುವಿಹಾರದಲ್ಲಿ ದಿನಾ ಇದೇ ವಾಸನೆ. ಅಲ್ಲಿನ ಆಯಾ ಪ್ರತಿಯೊಂದು ಲೋಟವನ್ನೂ ಊದಿ ಆರಿಸಿಯೇ ಮಕ್ಕಳ ಕೈಗಿಡುತ್ತಿದ್ದಳು. ಆ ದಿನ ಬೆಳಿಗ್ಗೆ, ಈಗ ತಾವೇ ನಡೆಸುತ್ತಿರುವ ಶಿಶುವಿಹಾರದ ಒಲೆಯ ಮುಂದೆ ನಿಂತು ಆಯಾಳನ್ನು ನೆನೆಯುತ್ತಿದ್ದಾಗ ಹಾಲು ಪೂರ್ತಿ ಸೀದುಹೋಯಿತು.

ಬಟ್ಟೆಯ ಗೊಂಬೆಗಳನ್ನು ಕೈಗೆ ತೊಟ್ಟುಕೊಂಡು ಪಾಠ ಹೇಳುತ್ತಿದ್ದರಿಂದ ಅವರಿಗೆ ಆ ಹೆಸರು. ಹಾಲು ಕೇಳಲು ಎದುರುಮನೆಯ ದರ್ಜಿಯ ಹತ್ತಿರ ಹೋದರು. ತಾಪತ್ರಯ ಶುರುವಾದದ್ದೇ ಅಲ್ಲಿ.

"ಯಾಕೆ ಮೇಷ್ಟ್ರೇ, ಮುಖ ಇಸ್ತ್ರಿ ಕಾಣದ ಅಂಗಿ ಥರ ಆಗಿದೆ?"

"ಇವತ್ತು ಡಾಕ್ಟರಮ್ಮ ಬಂದು ಮಕ್ಕಳನ್ನ ತೂಕ ಮಾಡ್ತಾರೆ. ಎಷ್ಟೋ ತಿಂಗಳಿಂದ ಸರ್ಕಾರದ ಊಟದ ಸಾಮಾನು ಬಂದಿಲ್ವಲ್ಲ, ಅದು ಮತ್ತೆ ಬರುತ್ತೋ, ಪೂರ್ತಿ ನಿಂತುಹೋಗುತ್ತೋ, ಇವತ್ತೇ ತೀರ್ಮಾನ. ನಿಂತುಹೋದ್ರೆ ಶಿಶುವಿಹಾರಕ್ಕೆ ಬೀಗ. ಯಾರಿಗೂ ಹೇಳಬೇಡಿ."

ದರ್ಜಿ ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದ. ಹೆಂಡತಿ ಕಿಟಕಿಯಿಂದ ಹೇಳಿದಳು.

ಬೀದಿಯಲ್ಲಿ ಎರಡು ಪಕ್ಷಗಳಾದವು. "ಮಕ್ಕಳು ದುಂಡುದುಂಡಗೆ ಕಾಣಬೇಕು. ಆಗ ಮೇಷ್ಟ್ರು ಚೆನ್ನಾಗಿ ನೋಡ್ಕೋತಾರೆ ಅಂತ ಸಾಮಾನು ಕೊಡ್ತಾರೆ" ಎಂದ ದರ್ಜಿ.

"ನಿನ್ನ ತಲೆ! ಹೊಟ್ಟೆ ತುಂಬಿದವರಿಗೆ ಯಾರಪ್ಪಾ ಬಡಿಸ್ತಾರೆ? ಮಕ್ಕಳು ಸೊರಗಿದ ಹಾಗೆ ಕಾಣಬೇಕು" ಎಂದರು ಮೂಲೆಮನೆಯ ಅಜ್ಜಿ.

ಮಕ್ಕಳು ಬಂದರು. ಅರ್ಧ ಮಕ್ಕಳು ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು, ಕೈ ಮಡಚಲಾಗದೆ, ಸುತ್ತಿಟ್ಟ ಹಾಸಿಗೆಗಳಂತೆ ಉರುಳುತ್ತಿದ್ದರು. ಉಳಿದವರಿಗೆ ಬೆಳಗಿನ ತಿಂಡಿಯಿಲ್ಲ, ಕಣ್ಣ ಕೆಳಗೆ ಇದ್ದಿಲಿನ ಮಸಿ.

"ಇದೇನು ಅಜ್ಜೀ!"

"ನೀವು ಸುಮ್ನಿರಿ ಮೇಷ್ಟ್ರೇ. ನಿಮಗೆ ಗೊಂಬೆ ಆಡಿಸೋಕೆ ಬರುತ್ತೆ, ಆಫೀಸಿನವರನ್ನ ಆಡಿಸೋಕೆ ಬರಲ್ಲ."

ಮೇಷ್ಟ್ರು ದರ್ಜಿಯ ಮನೆಯಿಂದ ತಂದ ಹಾಲನ್ನು ಹಸಿದವರಿಗೆಲ್ಲ ಕುಡಿಸಿ, ಮೊದಲನೆಯ ಸ್ವೆಟರಿಗೆ ಕೈ ಹಾಕುವಷ್ಟರಲ್ಲಿ ಡಾಕ್ಟರಮ್ಮ ತೂಕದ ಯಂತ್ರದೊಂದಿಗೆ ಒಳಗೆ ಬಂದೇಬಿಟ್ಟರು.

ಮಸಿ ಬಳಿದುಕೊಂಡಿದ್ದ ಪುಟ್ಟಿಯೊಬ್ಬಳು ಜೋರಾಗಿ ಕೆಮ್ಮಿದಳು. ಆಮೇಲೆ ಕಿಟಕಿಯತ್ತ ತಿರುಗಿ ಕೇಳಿದಳು: "ಸಾಕಾ ಅಜ್ಜೀ, ಇನ್ನೊಂದ್ಸಲ ಕೆಮ್ಮಲಾ?"

ಕಿಟಕಿಯಲ್ಲಿದ್ದ ಬಿಳಿ ತಲೆ ಮಾಯವಾಯಿತು.

ಸ್ವೆಟರಿನ ಪುಟ್ಟನೊಬ್ಬ ಯಂತ್ರ ಹತ್ತಿದಾಗ ಜೇಬು ಗಲಗಲ ಅಂದಿತು. "ಏನೋ ಮರಿ ಅದು?" ಎಂದರು ಡಾಕ್ಟರಮ್ಮ.

"ಕಲ್ಲು. ಒಂದು, ಎರಡು, ಮೂರು, ನಾಲ್ಕು. ಐದನೇದು ಚಡ್ಡಿ ಒಳಗಿದೆ. ತೂಕ ಆದ್ಮೇಲೆ ದರ್ಜಿ ಮಾಮಂಗೆ ವಾಪಸ್ ಕೊಡಬೇಕು."

ಮೇಷ್ಟ್ರು ಕೈಮುಗಿದು ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಡಾಕ್ಟರಮ್ಮ ನಗಲೂ ಇಲ್ಲ, ಗದರಲೂ ಇಲ್ಲ. ತಮ್ಮ ಕರವಸ್ತ್ರ ಒದ್ದೆ ಮಾಡಿಕೊಂಡು ಪುಟ್ಟಿಯ ಮುಖ ಒರೆಸಿದರು. ಎಲ್ಲರನ್ನೂ ಬರೀ ಅಂಗಿಯಲ್ಲಿ ಮತ್ತೆ ತೂಗಿದರು. ಬಣ್ಣಗಳ ಹೆಸರು ಕೇಳಿದರು, ಬಳಪ ಹಿಡಿಸಿ ಗೆರೆ ಎಳೆಸಿದರು. ಒಂದು ಮಗು ಎದ್ದು, "ನೀವು ಕೂತ್ಕೊಳಿ" ಎಂದು ತನ್ನ ಚಾಪೆ ಬಿಟ್ಟುಕೊಟ್ಟಿತು.

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಒಂದನೇ ಕ್ಲಾಸಿಗೆ ನಾಳೇನೇ ಕಳಿಸಬಹುದು, ಹಾಗಿದ್ದಾರೆ. ತೂಕಾನೂ ಸರಿಯಾಗಿದೆ. ಸಾಮಾನೇ ಬರದೆ ಇದು ಹೇಗೆ? ಯಂತ್ರ ಕೆಟ್ಟಿರಬೇಕು. ಮೇಷ್ಟ್ರೇ, ನೀವೊಂದ್ಸಲ ನಿಲ್ಲಿ."

"ನಾನ್ಯಾಕೆ ಮೇಡಂ?"

"ನಿಲ್ಲೀಂದ್ರೆ."

ಮೇಷ್ಟ್ರು ಹತ್ತಿದರು. ಮುಳ್ಳು ಸ್ವಲ್ಪ ದೂರ ಹೋಗಿ, ಸುಸ್ತಾದವರಂತೆ ನಿಂತುಬಿಟ್ಟಿತು. ಡಾಕ್ಟರಮ್ಮ ತಾವೂ ಹತ್ತಿ ನೋಡಿ ಇಳಿದರು.

"ಯಂತ್ರ ಸರಿಯಾಗೇ ಇದೆ." ಅವರು ಮೇಷ್ಟ್ರ ಮಣಿಕಟ್ಟು ಹಿಡಿದುಕೊಂಡರು. "ಮಧ್ಯಾಹ್ನ ಏನು ತಿಂತೀರಿ?"

ಉತ್ತರ ಕೊಟ್ಟವಳು ಪುಟ್ಟಿ. "ಮೇಷ್ಟ್ರು ಮನೇಲಿ ಅನ್ನ ಮಾಡ್ಕೊಂಡು ಪಾತ್ರೇಲಿ ತರ್ತಾರೆ. ನಾವೆಲ್ಲ ತಿಂದ್ಮೇಲೆ ಅವರಿಗೆ ಉಳಿಯಲ್ಲ."

ಬಾಗಿಲಲ್ಲಿ ನಿಂತಿದ್ದ ದರ್ಜಿ ತಲೆ ತಗ್ಗಿಸಿದ. ಇಷ್ಟು ದಿನ ಮಕ್ಕಳ ಊಟ ಎಲ್ಲಿಂದ ಬರುತ್ತಿದೆಯೆಂದು ಬೀದಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

"ಹಾಗಾದ್ರೆ ಸಾಮಾನು ಬರುತ್ತಲ್ವಾ ಮೇಡಂ?" ಮೇಷ್ಟ್ರ ಕಣ್ಣಲ್ಲಿ ಆಸೆಯಿತ್ತು.

ಡಾಕ್ಟರಮ್ಮ ತೂಕ ಬರೆದ ಹಾಳೆಯನ್ನು ಮಡಚಿಟ್ಟರು. "ನಾನು ಕಳಿಸೋದು ಮಕ್ಕಳ ತೂಕ ಮಾತ್ರ ಮೇಷ್ಟ್ರೇ. ನಿಮ್ಮ ತೂಕ ಯಾರೂ ಕೇಳಲ್ಲ. ಸಾಮಾನಿಲ್ಲದೇನೇ ಮಕ್ಕಳು ಇಷ್ಟು ಚೆನ್ನಾಗಿದ್ದಾರೆ ಅಂದ್ರೆ, ಇಲ್ಲಿಗೆ ಸಾಮಾನೇ ಬೇಕಿಲ್ಲ ಅಂತಾರೆ. ನಾನು ಹೇಳೋಷ್ಟು ಹೇಳ್ತೀನಿ. ಕೇಳ್ತಾರೆ ಅಂತ ಮಾತ್ರ ನಂಬಬೇಡಿ."

ಡಾಕ್ಟರಮ್ಮನ ಗಾಡಿ ಹೊರಟುಹೋಯಿತು. ಮೇಷ್ಟ್ರು ತಂದಿದ್ದ ಅನ್ನ ಎಂದಿನಂತೆ ಖಾಲಿಯಾಯಿತು. ಉಂಡ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿ ನಿದ್ದೆಹೋದರು. ಮೇಷ್ಟ್ರು ಪಾತ್ರೆ ತೊಳೆಯಲು ಎದ್ದಾಗ ಬಾಗಿಲಲ್ಲಿ ಅಜ್ಜಿ. ‘ನಾನು ಹೇಳಿರಲಿಲ್ವಾ’ ಎಂಬ ಮಾತಿಗೆ ಮೇಷ್ಟ್ರು ಸಿದ್ಧರಾಗಿ ನಿಂತರು.

ಅಜ್ಜಿ ಮಲಗಿದ್ದ ಮಕ್ಕಳನ್ನು ತುಳಿಯದಂತೆ ಮೆಲ್ಲಗೆ ಹೆಜ್ಜೆಯಿಡುತ್ತ ಬಂದು, ಮೇಷ್ಟ್ರ ಕೈಯಿಂದ ಖಾಲಿ ಪಾತ್ರೆ ತೆಗೆದುಕೊಂಡು, ಸೆರಗಿನಡಿಯಿಂದ ಬಿಸಿ ಅನ್ನದ ತಟ್ಟೆಯನ್ನು ಹೊರತೆಗೆದು ಆ ಕೈಗಿಟ್ಟರು.