ಫ್ರೆಂಚರ ಸೈಕಲ್ಲು, ನನ್ನ ಇಂಗ್ಲಿಷು, ತಿದ್ದುವ ಸಾಹೇಬರು

ತೆಲಂಗಾಣದ ನಾರಾಯಣಪೇಟೆಯಲ್ಲಿ ಕೂತು ಫ್ರಾನ್ಸಿನ ಸೈಕಲ್ ರೇಸಿನ ಸುದ್ದಿಯನ್ನು ಇಂಗ್ಲಿಷಿಗೆ ತರುವ ನನ್ನಂಥವಳಿಗೆ ವಾರಕ್ಕೊಮ್ಮೆಯಾದರೂ ರಕ್ತ ಕುದಿಯಲಿಲ್ಲ ಅಂದರೆ, ಆ ವಾರ ರೇಸೇ ನಡೆದಿಲ್ಲ ಅಂತ ಅರ್ಥ.

ಹೈದರಾಬಾದಿನಲ್ಲಿ ಓದುವಾಗ ಫ್ರೆಂಚ್ ಕಲಿತಿದ್ದೆ. ಮದುವೆಯಾಗಿ ಸೀರೆ ವ್ಯಾಪಾರದ ಮನೆಗೆ ಬಂದ ಮೇಲೆ ಅದೇ ಫ್ರೆಂಚು ನನಗೆ ಕೆಲಸ ಕೊಟ್ಟಿತು. ಆದರೆ ನಾನು ಬರೆದದ್ದು ನೇರವಾಗಿ ಇಂಗ್ಲೆಂಡಿನ ಪತ್ರಿಕೆಗೆ ಹೋಗುವುದಿಲ್ಲ. ನಡುವೆ ಹೈದರಾಬಾದಿನ ಅನುವಾದದ ಆಫೀಸಿನಲ್ಲಿ ಒಬ್ಬರು ಕೂತಿದ್ದರು. ನನ್ನ ಇಂಗ್ಲಿಷ್ ತಿದ್ದುವುದು ಅವರ ಕೆಲಸ. ಮೂಲ ರಾಯಚೂರಿನ ಕಡೆಯವರು, ನನ್ನ ಜೊತೆ ನಮ್ಮ ಕಡೆಯ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ. ಸೈಕಲ್ ಹೊಡೆಯಲಿಕ್ಕೂ ಬರುತ್ತಿರಲಿಲ್ಲ. ನಾನು ಅವರನ್ನು ತಿದ್ದುವ ಸಾಹೇಬರು ಅನ್ನುತ್ತಿದ್ದೆ. ಸಿಟ್ಟು ಬಂದಾಗ ಬೇರೆ ಏನೋ ಅನ್ನುತ್ತಿದ್ದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

೧. ಆಲೂಗಡ್ಡೆ ಕಳುವು

ರೇಸಿನಲ್ಲಿ ಒಬ್ಬ ಮುಂದಿರುವವರನ್ನು ಹಿಡಿಯುತ್ತೇನೆಂದು ಗುಂಪು ಬಿಟ್ಟು ಹೊರಡುತ್ತಾನೆ. ಮುಂದಿನವರು ಸಿಗುವುದಿಲ್ಲ, ಹಿಂದಿನವರು ದೂರ ಉಳಿದಿರುತ್ತಾರೆ, ನಡುವೆ ಒಬ್ಬನೇ ಗಾಳಿಗೆ ಎದೆ ಕೊಟ್ಟು ತುಳಿಯುತ್ತಾನೆ. ಇದಕ್ಕೆ ಫ್ರೆಂಚರು ಹೇಳುವ ಮಾತನ್ನು ಪದಕ್ಕೆ ಪದ ಇಟ್ಟರೆ ‘ಆಲೂಗಡ್ಡೆ ಬೇಟೆ’ ಆಗುತ್ತದೆ. ನಾನು ‘ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಡುವೆ ಸಿಕ್ಕಿಬಿದ್ದ’ ಅನ್ನುವ ಅರ್ಥ ಬರುವಂತೆ ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದೆ. ಸಾಹೇಬರು ಮೂಲವನ್ನು ಕಂಪ್ಯೂಟರಿಗೆ ಹಾಕಿ ನೋಡಿ, ‘ರೇಸಿನ ನಡುವೆ ಆತ ಆಲೂಗಡ್ಡೆ ಹುಡುಕಿಕೊಂಡು ಹೋದ’ ಎಂದು ತಿದ್ದಿಬಿಟ್ಟರು.

ತಕ್ಷಣ ಫೋನ್ ಮಾಡಿದೆ.

“ಸರ್, ಅಷ್ಟ ಮಂದಿ ಜೀವ ಬಿಟ್ಟು ಸೈಕಲ್ ತುಳಿಯಾಕ ಹತ್ಯಾರ. ಅದರಾಗ ಇವನೊಬ್ಬ ಆಲೂಗಡ್ಡಿಗೆ ಯಾಕ ಹೋಗ್ತಾನ್ರೀ?”

“ಅದನ್ನ ಅವನಿಗೆ ಕೇಳ್ರಿ ಮೇಡಂ. ಮೂಲದಾಗ ಆಲೂಗಡ್ಡಿ ಐತೋ ಇಲ್ಲೋ?”

“ಐತ್ರಿ, ಆದರ...”

“ಐತಲ್ಲ? ಅದನ್ನ ನೀವು ತಗದೀರಿ, ನಾ ವಾಪಸ್ ಇಟ್ಟೀನಿ. ಕಳುವು ನಿಮ್ಮದು, ನಂದಲ್ಲ.”

೨. ಬೀಳಿಸುವ ಮಷೀನು

ಈ ಮನುಷ್ಯನ ಬಾಯಿ ಮುಚ್ಚಿಸುವಂಥ ಉತ್ತರ ಕೊಡಬೇಕಾದರೆ ಸೈಕಲ್ಲಿನ ಸಾಮಾನು ಕಣ್ಣಾರೆ ನೋಡಿ ತಿಳಿಯಬೇಕು ಅನ್ನಿಸಿತು. ನನ್ನ ತವರು ಮಕ್ತಲ್. ಅಲ್ಲಿಯ ಸೈಕಲ್ ರಿಪೇರಿ ಕಾಕಾ ನಾನು ಚಿಕ್ಕವಳಿದ್ದಾಗಿನಿಂದ ಅದೇ ಜಾಗದಲ್ಲಿ ಪಂಕ್ಚರ್ ಹಾಕುತ್ತಿದ್ದಾರೆ. ನಾನು ಹೋದಾಗ ಅವರ ಮುಂದೆ ಗೇರ್ ಸೈಕಲ್ಲೊಂದು ನಿಂತಿತ್ತು. ಹಿಂದಿನ ಚಕ್ರದ ಹತ್ತಿರ ಜೋತುಬಿದ್ದಿದ್ದ ಸಾಮಾನು ತೋರಿಸಿ, “ಕಾಕಾ, ಇದರ ಫ್ರೆಂಚ್ ಹೆಸರಿಗೆ ಹಳಿ ತಪ್ಪಿಸೋದು ಅಂತ ಅರ್ಥ. ಚೈನ್‌ನ ಒಂದು ಹಲ್ಲಿನ ಚಕ್ರದಿಂದ ಕೆಡವಿ ಇನ್ನೊಂದರ ಮ್ಯಾಲ ಹಾಕ್ತೈತಿ” ಅಂದೆ.

ಕಾಕಾ ಪಾನಾ ಕೆಳಗಿಟ್ಟರು. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

“ಬಿದ್ದ ಚೈನ್ ಏರಿಸಿ ಏರಿಸಿ ನನ್ನ ಕೈ ನೋಡವ್ವ, ಹೆಂಗ ಕರ್ರಗಾಗ್ಯಾವ. ಅಂಥಾದ್ರಾಗ ಅವರು ಬೀಳ್ಸಾಕ ಒಂದು ಮಷೀನ್ ಮಾಡ್ಯಾರ? ಮಷೀನ್ ಯಾಕ ಬೇಕು? ತಗ್ಗು ಬಿದ್ದ ಈ ರೋಡ್ ಮ್ಯಾಲ ಒಂದು ಸುತ್ತು ಹೊಡೀರಿ ಅನ್ನು ಅವರಿಗೆ!”

೩. ಗಡ್ಡದ ಕೆಲಸದಾಕೆ

ಗದ್ವಾಲಿನ ತಂಗಿಯ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಸಾಹೇಬರ ಫೋನ್ ಬಂತು. ನಾಯಕನ ಗೆಲುವಿಗಾಗಿ ದುಡಿಯುವ ಸವಾರನಿಗೆ ಫ್ರೆಂಚಿನಲ್ಲಿ ಡೊಮೆಸ್ಟಿಕ್ ಅನ್ನುತ್ತಾರೆ. ರೇಸಿನ ಇಂಗ್ಲಿಷಿನಲ್ಲೂ ಅದೇ ಪದ ನಡೆಯುತ್ತದೆ ಎಂದು ಹಾಗೇ ಬಿಟ್ಟಿದ್ದೆ. ಸಾಹೇಬರು ಅದನ್ನು ‘ಮನೆಗೆಲಸದಾಕೆ’ ಮಾಡಿದ್ದರು. ಅಷ್ಟೇ ಅಲ್ಲ, ಮುಂದೆ ಎಲ್ಲ ಕಡೆ ‘ಅವನು’ ಇದ್ದದ್ದನ್ನು ‘ಅವಳು’ ಮಾಡಿ, ಅದನ್ನು ಹೆಮ್ಮೆಯಿಂದ ಹೇಳಲಿಕ್ಕೆ ಫೋನ್ ಮಾಡಿದ್ದರು.

“ಅವಾ ಗಂಡಸು ಅದಾನ್ರೀ! ಅವನಿಗೆ ಗಡ್ಡ ಐತಿ!” ಎಂದು ಕಿರುಚಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

ಫೋನ್ ಇಟ್ಟ ಮೇಲೆ ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ ಕೇಳಿದಳು, “ಯಾರಿಗೆ ಅಕ್ಕಾ, ಗಡ್ಡ?”

ನಾನು ಇನ್ನೂ ಕುದಿಯುತ್ತಲೇ ಇದ್ದೆ. “ಒಬ್ಬಾವ ಇರ್ತಾನ. ನಾಯಕನಿಗೆ ನೀರು ತಂದು ಕೊಡ್ತಾನ, ಗಾಳಿಗೆ ತಾನು ಅಡ್ಡ ಆಗ್ತಾನ, ಅವನ ಸೈಕಲ್ ಕೆಟ್ಟರ ತನ್ನ ಸೈಕಲ್ ಬಿಟ್ಟುಕೊಡ್ತಾನ. ಗೆದ್ದಾಗ ಹಾರ ಮಾತ್ರ ಇನ್ನೊಬ್ಬನ ಕೊಳ್ಳಿಗೆ. ಅಂಥಾವನಿಗೆ ಏನಂತ ಬರೀಬೇಕು, ನೀನ ಹೇಳು?”

ಆಕೆ ಒಂದು ಕ್ಷಣವೂ ಯೋಚಿಸಲಿಲ್ಲ.

“ಸೊಸಿ ಅಂತ ಬರೀರಿ ಅಕ್ಕಾ. ಎಲ್ಲಾರಿಗೂ ತಿಳೀತೈತಿ.”

೪. ಹಸಿಯೋ ಒಣವೋ

ರೇಸಿನಲ್ಲಿ ಕೈಲಾಗದೆ ನಿಂತವರನ್ನು ಹತ್ತಿಸಿಕೊಳ್ಳಲು ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ. ಫ್ರೆಂಚರು ಅದನ್ನು ಪೊರಕೆ ಗಾಡಿ ಅನ್ನುತ್ತಾರೆ, ಇಂಗ್ಲಿಷರೂ ಹಾಗೇ ಅನ್ನುತ್ತಾರೆ. ನಾನೂ ಹಾಗೇ ಬರೆದೆ. ಸಾಹೇಬರು ‘ಸುಸ್ತಾದ ಸವಾರನನ್ನು ಪುರಸಭೆಯ ಕಸದ ಗಾಡಿ ಎತ್ತಿಕೊಂಡು ಹೋಯಿತು’ ಎಂದು ತಿದ್ದಿದರು. ಪತ್ರಿಕೆಯವರು ಕಣ್ಣು ಮುಚ್ಚಿ ಅಚ್ಚು ಹಾಕಿದರು. ಆ ಸವಾರನೇ ಅದನ್ನು ಓದಿದ.

ಪತ್ರಿಕೆಯ ಸಂಪಾದಕ ಉರಿದುಬಿದ್ದ. ಹೀಗೆ ಬರೆದವರು ಯಾರೋ ಅವರು ಇನ್ನು ನಮಗೆ ಬೇಡ ಎಂದ. ಸಾಹೇಬರು, “ಅನುವಾದ ಮೇಡಂ ಅವರದ್ದು” ಎಂದು ತಣ್ಣಗೆ ನನ್ನ ಕಡೆ ಕೈ ತೋರಿಸಿದರು. ಅಷ್ಟು ವರ್ಷದ ನನ್ನ ದುಡಿಮೆ ಒಂದು ಕಸದ ಗಾಡಿಯಲ್ಲಿ ಹೋಗುವ ಹಾಗಾಯಿತು. ಕಂಪ್ಯೂಟರಿನಲ್ಲೇ ಮೀಟಿಂಗ್ ಕರೆದರು: ಸಂಪಾದಕ, ನಮ್ಮ ಆಫೀಸಿನ ದೊಡ್ಡವರು, ಸಾಹೇಬರು, ನಾನು.

ನಾನು ಬರೆದ ಪ್ರತಿ, ಅವರು ತಿದ್ದಿದ ಪ್ರತಿ ಎರಡನ್ನೂ ಎಲ್ಲರ ಮುಂದೆ ಹಾಕಿದೆ. “ನೋಡಿ, ಇದು ನನ್ನದು. ಇದು ಅವರದು” ಎಂದೆ. ಸಂಪಾದಕ ಎರಡನ್ನೂ ಓದುತ್ತಿದ್ದ. ಅಷ್ಟರಲ್ಲಿ ನಮ್ಮ ಓಣಿಗೆ ಪುರಸಭೆಯ ಕಸದ ಗಾಡಿ ಬಂತು. ಮೈಕಿನಲ್ಲಿ ತೆಲುಗು ಕೂಗು ಎಷ್ಟು ಜೋರಿತ್ತೆಂದರೆ ಮೀಟಿಂಗೇ ನಿಂತುಹೋಯಿತು.

“ಅದೇನು ಸದ್ದು?” ಎಂದು ಸಂಪಾದಕ ಕೇಳಿದ.

ನಾನು ಎದ್ದು ಕ್ಯಾಮೆರಾವನ್ನು ಕಿಟಕಿಗೆ ತಿರುಗಿಸಿದೆ. “ಸರ್, ನಿಮ್ಮ ಸವಾರನನ್ನು ಇವರು ಹತ್ತಿಸಿದ್ದು ಇಂಥ ಗಾಡಿಗೆ.”

“ಅದು ಏನಂತ ಕೂಗುತ್ತಿದೆ?”

“ಹಸಿ ಕಸ ಬೇರೆ ಕೊಡಿ, ಒಣ ಕಸ ಬೇರೆ ಕೊಡಿ ಅಂತ.”

ಸಂಪಾದಕ ನಗಲಿಲ್ಲ. ಸಾಹೇಬರ ಕಡೆ ತಿರುಗಿ, “ಹಾಗಾದರೆ ಹೇಳಿ, ನಮ್ಮ ಸವಾರನನ್ನು ನೀವು ಯಾವುದರಲ್ಲಿ ಹಾಕಿದಿರಿ?” ಎಂದು ಕೇಳಿದ.

ಆಗ ಸಾಹೇಬರು ಸುಮ್ಮನಿದ್ದಿದ್ದರೆ ನನ್ನ ಬರಹ ಇವತ್ತಿಗೂ ಅವರ ಕೈಯಲ್ಲೇ ಇರುತ್ತಿತ್ತೋ ಏನೋ. ಆದರೆ ಅವರು ಕನ್ನಡಕ ಸರಿಮಾಡಿಕೊಂಡು, ಸುದ್ದಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿ, ಬಹಳ ಗಂಭೀರವಾಗಿ ಹೇಳಿದರು:

“ಆ ದಿನ ಮಳೆ ಇತ್ತು ಸರ್. ಹಸಿಯಲ್ಲಿ.”