ಗೂಟದ ಮೇಲಿನ ರಾಯರು

ನನ್ನ ತಲೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ದುರಭಿಮಾನ. ಅದರ ಒಳಗಿರುವುದಕ್ಕೆ ಬೆಲೆಯೇ ಹೊರತು ಮೇಲಿರುವುದಕ್ಕಲ್ಲ ಎಂದು ನಂಬಿದ್ದವನು ನಾನು. ಮೈಸೂರಿನಲ್ಲಿ ಓದುವಾಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟೆ. ಅಪ್ಪ ಮಾತು ಬಿಟ್ಟರು. ಅವ್ವ ಮಾತ್ರ, "ಕೂದ್ಲು ತಾನೆ, ಬುಡಿ, ಬೆಳೀತದೆ. ಬುದ್ಧಿ ಬೆಳೀತದಾ ನೋಡಾಣ" ಎಂದಳು. ಹಳಬರಿಗೂ ಹೊಸಬರಿಗೂ ನಡೆಯುವ ಜಗಳ ಮನೆಯಲ್ಲಾದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಕಚೇರಿಯಲ್ಲಿ ಅದು ಊಟಕ್ಕೇ ಕುತ್ತು ತರುತ್ತದೆ.

ನನಗೆ ಕೆಲಸ ಸಿಕ್ಕಿದ್ದು ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿ ಹಿಡಿದರೆ ಸಿಗುವ ಒಂದು ಸಣ್ಣ ಕಚೇರಿಯಲ್ಲಿ. ಊರಿನ ಹೆಸರು ಹೇಳುವುದಿಲ್ಲ; ನನ್ನ ಪಿಂಚಣಿ ಇನ್ನೂ ಮುಂದಿದೆ. ಗುಮಾಸ್ತನ ಕೆಲಸ, ಅದೂ ಹಂಗಾಮಿ. ಖಾಯಂ ಆಗುವ ಹುಡುಗನಾದರೆ ಮಗಳನ್ನು ಕೊಡುತ್ತೇವೆ ಎಂದು ಸಾಲಿಗ್ರಾಮದ ಕಡೆಯ ಪಟೇಲರೊಬ್ಬರು ಹೇಳಿ ಕಳಿಸಿದ್ದರು. ಆ ಹುಡುಗಿಯನ್ನು ನಾನು ಒಮ್ಮೆ ಕೃಷ್ಣರಾಜನಗರದ ರೈಲು ಸ್ಟೇಷನ್ನಿನಲ್ಲಿ ದೂರದಿಂದ ನೋಡಿದ್ದೆ. ಗಾಡಿ ತಡವಾಯಿತೆಂದು ಸ್ಟೇಷನ್ ಮಾಸ್ತರನ್ನೇ ಗದರಿಸುತ್ತಿದ್ದಳು. ಆ ಗದರಿಕೆ ನನಗೆ ಎಷ್ಟು ಹಿಡಿಸಿತೆಂದರೆ, ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿದೆ. ಹಾಗಾಗಿ ನನ್ನ ಬಾಳೆಲ್ಲ ನಮ್ಮ ಶಿರಸ್ತೇದಾರರ ಒಂದು ಮಾತಿನ ಮೇಲೆ ನಿಂತಿತ್ತು.

ಶಿರಸ್ತೇದಾರ್ ವೆಂಕಟರಾಯರು ಕಚೇರಿಯ ಹಿರಿಯರು. ಅವರ ಬೆನ್ನ ಹಿಂದಿನ ಗೋಡೆಗೆ ಸಾಲಾಗಿ ಮರದ ಗೂಟಗಳನ್ನು ಹೊಡೆದಿತ್ತು. ಬೆಳಿಗ್ಗೆ ಬಂದವರು ಜರಿಪೇಟವನ್ನು ಸುತ್ತಿದ್ದ ಹಾಗೆಯೇ ತೆಗೆದು ತಮ್ಮ ತಮ್ಮ ಗೂಟಕ್ಕೆ ಹಾಕಬೇಕು. ಪೇಟ ಗೂಟದಲ್ಲಿದ್ದರೆ ಮನುಷ್ಯ ಕಚೇರಿಯಲ್ಲಿದ್ದ ಹಾಗೆ. ರಾಯರು ಪೇಟವನ್ನು ಗೂಟಕ್ಕೇರಿಸಿ, ಹಿತ್ತಲ ಬಾಗಿಲಿನಿಂದ ಹಿಂದಿನ ಬೀದಿಯ ಮನೆಗೆ ಹೋಗಿ, ಉಂಡು ಮಲಗಿ, ಬಿಸಿಲು ಇಳಿದ ಮೇಲೆ ಬರುತ್ತಿದ್ದರು. ಅಷ್ಟು ಹೊತ್ತೂ ಅವರು ಕಚೇರಿಯಲ್ಲೇ ಇರುತ್ತಿದ್ದರು. ಜನ ಬಂದು ಪೇಟಕ್ಕೆ ಕೈಮುಗಿದು ಅಹವಾಲು ಹೇಳಿಕೊಳ್ಳುತ್ತಿದ್ದರು. ಕಾಡಂಚಿನ ಹಳ್ಳಿಯ ಮುದುಕನೊಬ್ಬ, ಆನೆ ನುಗ್ಗಿ ರಾಗಿ ತುಳಿದ ಕಥೆಯನ್ನು ಪೇಟದ ಮುಂದೆ ಪೂರ್ತಿಯಾಗಿ ಹೇಳಿ, "ರಾಯರು ಇವತ್ತು ಗದರಲಿಲ್ಲ ಕಣ್ರಪ್ಪ, ಒಳ್ಳೆ ಮನಸು" ಎಂದು ಕಣ್ಣೊರೆಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ.

ನಾನು ಪೇಟ ಸುತ್ತುತ್ತಿರಲಿಲ್ಲ. ಕೆಲಸ ಮಾಡುವುದು ಕೈ, ಪೇಟವಲ್ಲ ಎಂಬುದು ನನ್ನ ವಾದ. ಎಲ್ಲರಿಗಿಂತ ಮೊದಲು ಬಂದು, ಎಲ್ಲರ ಕೆಲಸವನ್ನೂ ಮಾಡಿ, ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದೆ. ರಾಯರು ಅದನ್ನೆಲ್ಲ ನೋಡಿ ನಿಜವಾದ ದುಃಖದಿಂದ ಹೇಳಿದರು: "ಕೆಲಸ ಬಲು ಚೆನ್ನಾಗಿದೆ ಕಣಪ್ಪ. ಆದರೆ ಮಾಡಿದವನು ಒಂದು ದಿನವೂ ಬಂದಿಲ್ಲವಲ್ಲ. ಬಾರದವನನ್ನು ಹೇಗೆ ಖಾಯಂ ಮಾಡಲಿ?"

ಹೀಗಿರುವಾಗ ಒಂದು ಮಧ್ಯಾಹ್ನ ಪಟೇಲರೇ ಹುಡುಗನನ್ನು ನೋಡಲು ಬಾಳೆಗೊನೆ ಹೊರಿಸಿಕೊಂಡು ಬಂದರು. ಜವಾನ ಕಾಳಯ್ಯ ಬಾಗಿಲಲ್ಲಿದ್ದ. ಹುಡುಗ ಎಲ್ಲಿ ಎಂದು ಪಟೇಲರು ಕೇಳಿದರೆ, ಕಾಳಯ್ಯ ಒಳಗೆ ಇಣುಕಿ, ನನ್ನ ಖಾಲಿ ಗೂಟವನ್ನು ನೋಡಿ, "ಇನ್ನೂ ಬಂದಿಲ್ಲ ಸ್ವಾಮಿ" ಎಂದ. ನಾನು ಆ ಗೂಟದ ಕೆಳಗೇ ಕುಳಿತು ಬರೆಯುತ್ತಿದ್ದೆ. ಎದ್ದು ಹೋಗಿ, "ನಾನೇ ಆ ಹುಡುಗ" ಎಂದೆ. ಪಟೇಲರು ನನ್ನ ಬರಿತಲೆ ನೋಡಿ, "ತಮಾಸೆ ಮಾಡ್ಬ್ಯಾಡ ಕಣಪ್ಪ, ಬಿಸ್ಲಲ್ಲಿ ಬಂದಿವ್ನಿ" ಎಂದು ಜಗಲಿಯ ಮೇಲೆ ಕುಳಿತರು.

ಹುಡುಗಿ ಕೈತಪ್ಪಿದಳೆಂದೇ ಅನ್ನಿಸಿತು. ಬೇರೆ ದಾರಿ ಕಾಣದೆ ರಾಯರ ಪೇಟವನ್ನು ಅವರ ಗೂಟದಿಂದ ತೆಗೆದೆ. ಒಂದು ಗಳಿಗೆ ನನ್ನ ಗೂಟದಲ್ಲಿ ತೂಗಿಹಾಕಿ ಪಟೇಲರಿಗೆ ತೋರಿಸಿ, ಮತ್ತೆ ಸ್ವಸ್ಥಾನಕ್ಕೆ ಸೇರಿಸುವುದೆಂದು ನನ್ನ ಲೆಕ್ಕ. ಅಷ್ಟರಲ್ಲಿ ಕಾಳಯ್ಯನ ಹೆಜ್ಜೆ ಕೇಳಿಸಿತು. ಗಾಬರಿಯಲ್ಲಿ ಎಲ್ಲಿಡುವುದೆಂದು ತೋಚದೆ ತಲೆಯ ಮೇಲೇ ಇಟ್ಟುಕೊಂಡೆ. ಕಾಳಯ್ಯ ಒಳಗೆ ಬಂದವನೇ ನಡು ಬಗ್ಗಿಸಿ, "ರಾಯರೇ, ಸಾಲಿಗ್ರಾಮದ ಕಡೆಯೋರು ಕಾದವ್ರೆ" ಎಂದ. ಹಿಂದೆಯೇ ಬಂದ ಪಟೇಲರೂ ಕೈಮುಗಿದರು. ನಾನು ರಾಯರ ಜಾಗದಲ್ಲಿ ಕುಳಿತುಕೊಳ್ಳಬೇಕಾಯಿತು.

"ಸ್ವಾಮಿ, ನಿಮ್ಮ ಹಂಗಾಮಿ ಗುಮಾಸ್ತ ಎಂಥ ಹುಡುಗ? ಹೆಣ್ಣು ಕೊಡಬೈದಾ?" ಎಂದು ಪಟೇಲರು ಕೇಳಿದರು.

ಇದಕ್ಕಿಂತ ಒಳ್ಳೆಯ ಅವಕಾಶ ಯಾವ ವರನಿಗೆ ಸಿಕ್ಕೀತು? ಬಂಗಾರದಂಥ ಹುಡುಗ ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ಪೇಟ ಬಿಗಿಯಾಗಿತ್ತು. ಹುಬ್ಬು ತಾನಾಗಿ ಮೇಲೇರಿತು, ಗಂಟಲಿನಿಂದ ಒಂದು ಹಳೆಯ ಕೆಮ್ಮು ಬಂತು. "ಏನು ಹೇಳಲಿ ಪಟೇಲರೇ, ಈಗಿನ ಹುಡುಗರಿಗೆ ಶಿಸ್ತು ಎಂಬುದೇ ಇಲ್ಲ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಆ ಹುಡುಗನಂತೂ ಕಚೇರಿಗೇ ಬರುವುದಿಲ್ಲ" ಎಂದೆ. ನಿಲ್ಲಿಸೋಣವೆಂದರೆ ನಾಲಿಗೆ ಕೇಳಲಿಲ್ಲ. ಕ್ರಾಪಿನ ಬಗ್ಗೆ ಹೇಳಿದೆ, ಕಾಫಿ ಕುಡಿಯುವ ಚಟದ ಬಗ್ಗೆಯೂ ಹೇಳಿದೆ. ನನ್ನ ಮೇಲೆ ನನಗೇ ಜಿಗುಪ್ಸೆ ಬರುವಷ್ಟು ಹೇಳಿದೆ.

ಅದೇ ಹೊತ್ತಿಗೆ ನಿಜವಾದ ರಾಯರು ಬರಿತಲೆಯಲ್ಲಿ ಹಿತ್ತಲ ಬಾಗಿಲಿಗೆ ಬಂದರು. ಕಾಳಯ್ಯ ಅಡ್ಡ ನಿಂತು, "ರಾಯರು ಒಳಗವ್ರೆ, ಆಮ್ಯಾಕೆ ಬನ್ನಿ" ಎಂದ. ರಾಯರು ಅವನ ಭುಜದ ಮೇಲಿನಿಂದ ಇಣುಕಿ, ತಮ್ಮ ಜಾಗದಲ್ಲಿ ತಮ್ಮ ಪೇಟ ಕುಳಿತು ಮಾತನಾಡುತ್ತಿರುವುದನ್ನು ನೋಡಿದರು. ಅವರು ಸ್ವಲ್ಪ ಹೊತ್ತು ನಿಂತು ಕೇಳಿದರು. "ಸರಿಯಾಗಿಯೇ ಹೇಳುತ್ತಿದ್ದೇನೆ" ಎಂದು ಕಾಳಯ್ಯನಿಗೆ ಹೇಳಿ ಮತ್ತೆ ಮಲಗಲು ಹೋದರು.

ಪಟೇಲರು ನಿಟ್ಟುಸಿರು ಬಿಟ್ಟರು. "ಹಂಗಾರೆ ಆ ಹುಡ್ಗ ಬ್ಯಾಡ ಬುಡಿ. ನಿಮ್ಗೆ ಮದ್ವೆ ಆಗೈತಾ ಸ್ವಾಮಿ?" ಎಂದರು.

ಆಗ ತಡೆಯಲಾರದೆ ಪೇಟ ತೆಗೆದು ಮೇಜಿನ ಮೇಲಿಟ್ಟು ನಿಜವನ್ನೆಲ್ಲ ಹೇಳಿಬಿಟ್ಟೆ. ಪಟೇಲರು ನನ್ನನ್ನೊಮ್ಮೆ, ಪೇಟವನ್ನೊಮ್ಮೆ ನೋಡಿದರು. "ಸಂದಾಗೇ ಒಪ್ತಿತ್ತು ಕಣಪ್ಪ. ಒಂದು ತಕ್ಕೊ. ತಲೆ ನಿಧಾನಕ್ಕೆ ಅದ್ಕೆ ಸರಿಹೋಯ್ತದೆ" ಎಂದರು. ಮಾರನೆಯ ದಿನವೇ ಪೇಟ ಕೊಂಡೆ. ರಾಯರು ನನ್ನ ಗೂಟ ನೋಡಿ, "ಅಂತೂ ಬಂದೆಯಲ್ಲ" ಎಂದು ಖಾಯಮ್ಮಿಗೆ ಶಿಫಾರಸು ಮಾಡಿದರು. ಮದುವೆಯೂ ಆಯಿತು.

ಈಗ ನಾನೇ ಶಿರಸ್ತೇದಾರ. ಮೊನ್ನೆ ಬಿ.ಎ. ಮಾಡಿದ ಹುಡುಗನೊಬ್ಬ ಕೆಲಸಕ್ಕೆ ಸೇರಿದ್ದಾನೆ, ಬರಿತಲೆ. ಅವನಿಗೆ ಶಿಸ್ತಿನ ವಿಷಯ ಹೇಳಿ ಹೇಳಿ ದಣಿದು, ಪೇಟವನ್ನು ಗೂಟಕ್ಕೆ ಹಾಕಿ ಊಟಕ್ಕೆ ಮನೆಗೆ ಹೋದೆ. ಹೆಂಡತಿ ಬಾಗಿಲನ್ನು ಅರ್ಧ ತೆರೆದು ನನ್ನ ತಲೆ ನೋಡಿದಳು. "ನಮ್ಮೋರು ಇನ್ನೂ ಕಚೇರೀಲವ್ರೆ. ಅವ್ರು ಬಂದ್ಮೇಲೇ ಮುದ್ದೆ" ಎಂದು ಅಗುಳಿ ಹಾಕಿಕೊಂಡಳು. ಸ್ಟೇಷನ್ ಮಾಸ್ತರಿಗೆ ಗದರಿದ್ದ ಅದೇ ಗಂಟಲು. ನನ್ನನ್ನು ಕರೆತರಲು ನಾನೇ ಕಚೇರಿಗೆ ಹೊರಟೆ. ಈಗ ಹಣ್ಣು ಮುದುಕನಾಗಿರುವ ಕಾಳಯ್ಯ ಹಿತ್ತಲ ಬಾಗಿಲಲ್ಲಿ ಕೈ ಅಡ್ಡ ಹಿಡಿದ. ಒಳಗೆ ಆ ಬಿ.ಎ. ಹುಡುಗ ನನ್ನ ಪೇಟ ಇಟ್ಟುಕೊಂಡು, ನನ್ನ ಜಾಗದಲ್ಲಿ ಕುಳಿತು, ಯಾರೋ ಹಿರಿಯರಿಗೆ ಹೇಳುತ್ತಿದ್ದ: "ಏನು ಹೇಳಲಿ ಸ್ವಾಮಿ, ಈಗಿನ ಹುಡುಗರು..."

ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಕೇಳಿದೆ. ಬಲು ಚೆನ್ನಾಗಿ ಮಾತನಾಡುತ್ತಿದ್ದೆ.