ಲಯನ್‌ಹೆಡ್ ತರಲು ಹೋದವನು

ಗೋಲ್ಡ್ ಫಿಶ್‌ನಲ್ಲಿ ಲಯನ್‌ಹೆಡ್ ಮತ್ತು ಒರಾಂಡಾ ಎಂಬ ಎರಡು ಜಾತಿಗಳನ್ನು ಗುರುತಿಸುವುದು ಬಹಳ ಸುಲಭ. ಎರಡರ ತಲೆಯೂ ಗೋಳಿಬಜೆಯ ಹಾಗೆ ಉಬ್ಬಿರುತ್ತದೆ. ಒರಾಂಡಾಕ್ಕೆ ಬೆನ್ನ ಮೇಲೆ ರೆಕ್ಕೆ ಇರುತ್ತದೆ, ಲಯನ್‌ಹೆಡ್‌ಗೆ ಇರುವುದಿಲ್ಲ. ಇಷ್ಟೇ. ಡೊಂಬಿವಲಿಯಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲಿ ಹೋಗುವಾಗ ಮೊಬೈಲ್‌ನಲ್ಲಿ ವಿಡಿಯೊ ನೋಡಿ ನಾನು ಈ ಶಾಸ್ತ್ರದಲ್ಲಿ ಪಾರಂಗತನಾದೆ. ನಡುವೆ ಇರುವುದು ಒಂದೇ ಸ್ಟೇಷನ್.

ನಮ್ಮ ಮನೆಯ ಲಯನ್‌ಹೆಡ್ ಅತ್ತೆಯದು, ಅಂದರೆ ನನ್ನ ಹೆಂಡತಿ ವಾರಿಜಳ ಅಮ್ಮನದು. ಕಾಲುನೋವಿನಿಂದ ಮನೆಯಲ್ಲೇ ಇರುತ್ತಿದ್ದ ಅವರು ದಿನವಿಡೀ ಅದರ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದರು. ಮಳೆಗಾಲದಲ್ಲಿ ತೀರಿಕೊಂಡರು. ಆಮೇಲೆ ಟ್ಯಾಂಕಿನ ಪಕ್ಕದ ಅವರ ಕುರ್ಚಿಯಲ್ಲಿ ಮಾವ ಕೂತರು. ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿ ಕೂತು ರಸ್ತೆಗೆ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ ಈಗ ಬಾಯಿಯೇ ಬಿಡುತ್ತಿರಲಿಲ್ಲ. ಒಂದು ಸಂಜೆ ಮಾತ್ರ ಹೇಳಿದರು, "ಇದು ಒಂದೇ ಆಯಿತಲ್ಲ, ಪಾಪ."

ಮಾತು ಮೀನಿನ ಬಗ್ಗೆಯೋ ತಮ್ಮ ಬಗ್ಗೆಯೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಜೋಡಿ ತರಲು ಹೊರಟೆ.

"ಲಯನ್‌ಹೆಡ್ ಹೈ ನಾ?" ಎಂದೆ ಕಲ್ಯಾಣದ ಮೀನಿನ ಅಂಗಡಿಯವನಿಗೆ.

"ಸೇಮ್ ಟು ಸೇಮ್, ಸಾಬ್."

ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹೆದರಿ ಮುದುಡಿಕೊಂಡಿತ್ತು. ಬೆಳಕಿಗೆ ಹಿಡಿದು, ಎರಡೂ ಕಡೆ ತಿರುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿ ಪರೀಕ್ಷಿಸಿದೆ. ಬೆನ್ನ ಮೇಲೆ ರೆಕ್ಕೆ ಇಲ್ಲ ಎಂದು ತೀರ್ಪು ಕೊಟ್ಟೆ.

ಮನೆಯ ಟ್ಯಾಂಕಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಅದು ಮಡಚಿದ್ದ ರೆಕ್ಕೆಯನ್ನು ಹಾಯಿಯ ಹಾಗೆ ಬಿಚ್ಚಿತು.

"ರೀ, ಇದಕ್ಕೆ ಬೆನ್ನಲ್ಲಿ ರೆಕ್ಕೆ ಉಂಟಲ್ಲ," ಎಂದಳು ವಾರಿಜ.

"ಚಿಕ್ಕದಲ್ವಾ. ದೊಡ್ಡದಾದ ಮೇಲೆ ಬಿದ್ದು ಹೋಗ್ತದೆ."

"ಬೀಳಲಿಕ್ಕೆ ಅದೇನು ಹಾಲುಹಲ್ಲಾ?"

"ಇರಲಿ ಮಗಾ, ಚಂದ ಉಂಟು," ಎಂದರು ಮಾವ. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು. ಆ ನಗು ನೋಡಿ ನಾನು ಮೀನು ವಾಪಸ್ ಕೊಡಲು ಹೋಗಲಿಲ್ಲ. ಹೋಗಬೇಕಿತ್ತು.

ಲಯನ್‌ಹೆಡ್‌ಗೆ ಬೆನ್ನ ರೆಕ್ಕೆ ಇಲ್ಲದ್ದರಿಂದ ಈಜು ನಿಧಾನ. ಕಾಳು ಹಾಕಿದರೆ ಅದು ಓಲಾಡುತ್ತಾ ಮೇಲೆ ಬರುವಷ್ಟರಲ್ಲಿ ಹೊಸದು ಉಂಡು ಎಲೆ ಮಡಚಿ ಎದ್ದಿರುತ್ತಿತ್ತು. ನಾನು ಉಪಾಯ ಮಾಡಿ ಕಾಳು ಹೆಚ್ಚು ಹಾಕಿದೆ. ನೀರು ಕೆಟ್ಟಿತು. ನೀರು ಪೂರ್ತಿ ಬದಲಾಯಿಸಿದೆ. ಹೊಸ ನೀರು ಒಗ್ಗದೆ ಹಳೆಯ ಮೀನು ಇನ್ನೂ ಸೊರಗಿತು. ಕೊನೆಗೆ ವಾರಿಜ ಹೊಸದನ್ನು ಬಕೆಟ್ಟಿಗೆ ಹಾಕಿ, "ಇನ್ನು ನೀವು ದಯವಿಟ್ಟು ಏನೂ ಮಾಡಬೇಡಿ," ಎಂದಳು. ಆದರೆ ಮಾಡುವುದನ್ನೆಲ್ಲ ನಾನು ಆಗಲೇ ಮಾಡಿ ಮುಗಿಸಿದ್ದೆ.

ಮರುದಿನ ಬೆಳಿಗ್ಗೆ ಅತ್ತೆಯ ಮೀನು ನೀರಿನ ಮೇಲೆ ಮಲಗಿತ್ತು.

ಮಾವ ಅದನ್ನು ಬಾಲ್ಕನಿಯ ಮಲ್ಲಿಗೆ ಕುಂಡದಲ್ಲಿ ಹುಗಿದರು. ಅತ್ತೆ ಹೋದ ದಿನ ಕಣ್ಣೀರು ಹಾಕದಿದ್ದವರು, ಕೈಗೆ ಅಂಟಿದ ಮಣ್ಣು ತೊಳೆಯುತ್ತಾ ಅಳತೊಡಗಿದರು. ನಲ್ಲಿ ಸುರಿಯುತ್ತಲೇ ಇತ್ತು. ನೀರು ಪೋಲು ಮಾಡಬಾರದೆಂದು ದಿನವೂ ಭಾಷಣ ಬಿಗಿಯುವ ನಾನು ನಲ್ಲಿ ನಿಲ್ಲಿಸದೆ ಟವೆಲ್ ಹಿಡಿದು ನಿಂತಿದ್ದೆ.

"ಇದನ್ನು ಅಂಗಡಿಗೆ ಕೊಟ್ಟು ಬರ್ತೇನೆ ಮಾವ," ಎಂದೆ, ಬಕೆಟ್ ತೋರಿಸಿ.

"ಬೇಡ. ಅದಕ್ಕೇನು ಗೊತ್ತು? ಹಸಿವಾಯಿತು, ತಿಂದಿತು." ಮಾವ ಮುಖ ಒರೆಸಿಕೊಂಡು, ಅದನ್ನು ತಾವೇ ಟ್ಯಾಂಕಿಗೆ ಬಿಟ್ಟರು. ಈಗ ಅದಕ್ಕೂ ತುಳು ಕಲಿಸುತ್ತಿದ್ದಾರೆ.

ಮೊನ್ನೆ ಪಕ್ಕದ ಫ್ಲ್ಯಾಟಿನ ಮರಾಠಿ ಕಾಕಾ ಬಂದು, ಇದು ಯಾವ ಜಾತಿ ಎಂದು ಕೇಳಿದರು. ಮಾವ ನನ್ನ ಕಡೆ ತೋರಿಸಿ, "ನಮ್ಮ ಅಳಿಯನನ್ನು ಕೇಳಿ, ಅವರೇ ಆರಿಸಿ ತಂದದ್ದು," ಎಂದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಾಕಾಗೆ ನನ್ನ ಮೇಲೆ ಭರವಸೆ ಬಂದುಬಿಟ್ಟಿದೆ. ಮೊಮ್ಮಗಳಿಗೆ ಮೀನು ಆರಿಸಿಕೊಡಲು ಭಾನುವಾರ ಕಲ್ಯಾಣಕ್ಕೆ ಬರಬೇಕಂತೆ. ನಾನು ಈಗ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಆಫೀಸಿಗೆ ಹೋಗುತ್ತಿದ್ದೇನೆ.